ಮಂಜು ಸರಿಯುವ ತನಕ ಕಾಯಿರಿ: ಮಲೆನಾಡಿನ ಚಳಿಯಲ್ಲಿ ಬಯಲು ರೇಂಜ್ ಶೂಟಿಂಗ್

ಡಿಸೆಂಬರ್ ಬಂತು ಅಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಹೊಸ ಶೂಟರ್‌ಗಳದ್ದು ಒಂದೇ ದೂರು. "ಇಷ್ಟು ದಿನ ಚೆನ್ನಾಗಿ ಬೀಳ್ತಿತ್ತು, ಈಗ ಗುಂಡು ಎಲ್ಲೆಲ್ಲೋ ಹೋಗ್ತಿದೆ." ಕೋವಿ ಕೆಟ್ಟಿರುವುದಿಲ್ಲ, ಕೈಯೂ ಕೆಟ್ಟಿರುವುದಿಲ್ಲ. ಹವಾಮಾನ ಬದಲಾಗಿರುತ್ತದೆ, ಅಭ್ಯಾಸ ಮಾತ್ರ ಹಳೆಯದೇ ಇರುತ್ತದೆ.

ನಮ್ಮ ಕಡೆ ಹಿಮ ಬೀಳುವುದಿಲ್ಲ ನಿಜ. ಬೆಳಗಿನ ಹೊತ್ತು 12–14 ಡಿಗ್ರಿ, ಕೆಲವು ದಿನ 10ರ ಹತ್ತಿರ. ಚಳಿ ದೇಶದವರಿಗೆ ಇದೊಂದು ಚಳಿಯೇ ಅನ್ನಿಸಬಹುದು. ಆದರೆ ಇದು ಒದ್ದೆ ಚಳಿ. ಮಂಜು, ಇಬ್ಬನಿ, ಆಮೇಲೆ ಬಿಸಿಲೇರಿದಂತೆ ಶುರುವಾಗುವ ಮೂಡಲ ಗಾಳಿ. ಈ ತೇವ ಗುರಿ ನೋಡುವ ಸೈಟ್‌ಗೆ, ಟಾರ್ಗೆಟ್ ಕಾಗದಕ್ಕೆ, ಗಾಳಿ ಬಾವುಟಕ್ಕೆ, ಚಾಪೆಗೆ, ತೋಟಾ ಒಳಗೆ ತಳ್ಳುವ ಬೋಲ್ಟ್‌ಗೆ, ಎಲ್ಲಕ್ಕೂ ಇಳಿಯುತ್ತದೆ. ಇಲ್ಲಿ ಚಳಿಗಾಲದ ಶೂಟಿಂಗ್ ಅಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಮಂಜು ಸರಿಯಲಿ ಅಂತ ಕಾಯಬೇಕು, ಬೆರಳು ಬಿಸಿಯಾಗಲಿ ಅಂತ ಕಾಯಬೇಕು, ಗಾಳಿ ಮೊದಲಿನಂತೆ ಆಗಲಿ ಅಂತ ಕಾಯಬೇಕು. ಕಾಯುವುದು ಬರದವರಿಗೆ ಎಷ್ಟು ದುಬಾರಿ ರೈಫಲ್ ಕೊಟ್ಟರೂ ಅಷ್ಟೇ.

ಈ ಬರಹ ಮುಖ್ಯವಾಗಿ 50 ಮೀಟರ್ ದೂರಕ್ಕೆ .22 (0.22 ಇಂಚು ಬೋರ್‌ನ) ರೈಫಲ್ ಹೊಡೆಯುವವರಿಗೆ. ಕಾಲೇಜಿನ ಎನ್‌ಸಿಸಿಯಲ್ಲಿ 25 ಮೀಟರ್‌ನಿಂದ ಮಲಗಿ ಹೊಡೆದು ರುಚಿ ಹತ್ತಿಸಿಕೊಂಡವರಿಗೂ, ಬಯಲಿನಲ್ಲಿ ಏರ್ ರೈಫಲ್ ಅಭ್ಯಾಸ ಮಾಡುವವರಿಗೂ ಬಹುಪಾಲು ಅನ್ವಯಿಸುತ್ತದೆ.

ಮೊದಲು ಕಾಗದ ಪತ್ರ, ಜಾಗ

2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರ್‌ನ, 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. .22 ರೈಫಲ್ಲು, ಜೋಡುನಳಿಗೆ ಕೋವಿ, ಇವಕ್ಕೆಲ್ಲ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮ್ಮ ಜಿಲ್ಲೆಗಳಿಗೆ ಇಲ್ಲ. ಇದನ್ನು ಗೊತ್ತಿದ್ದೂ ಮರೆಯುವವರು ಇದ್ದಾರೆ.

"ನಮ್ಮದೇ ತೋಟ ಇದೆಯಲ್ಲ, ಅಲ್ಲೇ ಹೊಡೆದರಾಯ್ತು" ಅನ್ನುವವರಿಗೆ ಒಂದು ಮಾತು. ನವೆಂಬರ್‌ನಿಂದ ಜನವರಿ ತನಕ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ. ಗಿಡದ ಸಾಲಿನಲ್ಲಿ ಬಾಗಿ ಹಣ್ಣು ಬಿಡಿಸುತ್ತಿರುವವರು ಮಂಜಿನಲ್ಲಿ 30 ಮೀಟರ್ ದೂರದಿಂದಲೂ ಕಾಣುವುದಿಲ್ಲ. .22 ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಹಿಂದೆ ಎತ್ತರದ ಮಣ್ಣಿನ ದಿಬ್ಬ, ಕೆಂಪು ಬಾವುಟ, ಹೇಳಿ ಕೇಳುವ ರೇಂಜ್ ಆಫೀಸರ್, ಈ ಮೂರೂ ಇರುವ ಅನುಮತಿ ಪಡೆದ ರೇಂಜ್‌ಗೇ ಹೋಗಿ.

ದಾರಿಯ ಬಗ್ಗೆಯೂ ಯೋಚಿಸಿ. ಕೋವಿ ಖಾಲಿ ಇರಬೇಕು, ಕೇಸಿನಲ್ಲಿರಬೇಕು, ತೋಟಾ (ಕಾರ್ಟ್ರಿಡ್ಜ್) ಬೇರೆ ಡಬ್ಬಿಯಲ್ಲಿರಬೇಕು, ಲೈಸೆನ್ಸ್ ಪುಸ್ತಕ ಜೊತೆಗಿರಬೇಕು. ಭದ್ರಾ ಅಭಯಾರಣ್ಯದ ಒಳಗೆ ಹಾದು ಹೋಗುವ ಯೋಚನೆ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಲ್ಲಿಗೆ ಆಯುಧ ಒಯ್ಯುವಂತಿಲ್ಲ. ಏರ್‌ಗನ್ ಕೂಡ ಸುಮ್ನೆ ಆಟದ ಸಾಮಾನಲ್ಲ. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಬೇರೆ ಬರುತ್ತದೆ, ಬಂದೋಬಸ್ತು ಬಿಗಿಯಾಗಿರುತ್ತದೆ. ಆ ದಿನಗಳಲ್ಲಿ ಕೋವಿ ಮನೆಯಲ್ಲೇ ಇರಲಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರು ಆನೆ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಹೊರಡಿ. ಮಂಜಿನ ತಿರುವಿನಲ್ಲಿ ಆನೆ ಎದುರಾದರೆ ಕೇಸಿನಲ್ಲಿರುವ ರೈಫಲ್ ಯಾವ ಉಪಯೋಗಕ್ಕೂ ಬರುವುದಿಲ್ಲ, ಬರಲೂಬಾರದು.

ಹಿಂದಿನ ರಾತ್ರಿ: ಕೊಬ್ಬರಿ ಎಣ್ಣೆ ಒರೆಸಿ

ಮಲೆನಾಡಿನ ಹಳೆ ಮನೆಗಳಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ. ಮಳೆಗಾಲದಲ್ಲಿ ಹೇಗೋ ನಡೆದೀತು. ಚಳಿಗಾಲದಲ್ಲಿ ಮಾತ್ರ ಕೂಡದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬಚ್ಚಲು ಮನೆಯ ಬಾಟಲಿ ಡಿಸೆಂಬರ್‌ನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ದಿನಾ ನೋಡುತ್ತೀರಿ, ಅಲ್ವಾ? ಅದೇ ಬಿಳಿ ಪದರ ಬೋಲ್ಟ್ ಒಳಗೆ, ಫೈರಿಂಗ್ ಪಿನ್ ಸುತ್ತ ಕೂತಿರುತ್ತದೆ. ಪಿನ್ ನಿಧಾನವಾಗುತ್ತದೆ, ಏಟು ಮೆತ್ತಗಾಗುತ್ತದೆ, ತೋಟಾ ಟುಸ್ ಅನ್ನುತ್ತದೆ.

ಆದ್ದರಿಂದ ಹಿಂದಿನ ರಾತ್ರಿ ಹೀಗೆ ಮಾಡಿ. ಕೋವಿ ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಬೋಲ್ಟ್ ಹೊರಗೆ ತೆಗೆಯಿರಿ. ಹಳೆ ಎಣ್ಣೆ, ಗ್ರೀಸು ಪೂರ್ತಿ ಒರೆಸಿ. ಗನ್ ಆಯಿಲ್ ಒಂದೇ ಒಂದು ಹನಿ ಬಟ್ಟೆಗೆ ಹಾಕಿ, ಆ ಬಟ್ಟೆಯಿಂದ ಸವರಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಬೆರಳಿಗೆ ಎಣ್ಣೆ ಅಂಟಬಾರದು, ಲೋಹ ಮಾತ್ರ ಸ್ವಲ್ಪ ಹೊಳೆಯಬೇಕು. ಅಷ್ಟು ಸಾಕು. ಟ್ರಿಗರ್ ಒಳಗೆ ಎಣ್ಣೆ ಬಿಡಲೇಬೇಡಿ. ಬ್ಯಾರೆಲ್ ಒಳಗೂ ಒಂದು ಒಣ ಬಟ್ಟೆ ತುಂಡು (ಪ್ಯಾಚ್) ಎಳೆಯಿರಿ.

ತೋಟಾ ಡಬ್ಬಿ ರಾತ್ರಿ ಮನೆಯೊಳಗೆ ಒಣ ಜಾಗದಲ್ಲಿರಲಿ. ಕಾರಿನ ಡಿಕ್ಕಿಯಲ್ಲಿ ಬೇಡ. .22 ತೋಟಾದ ಸೀಸದ ಮೇಲೆ ಮೇಣದಂಥ ಪದರ ಇರುತ್ತದೆ. ಅದು ತಣ್ಣಗಾಗಿ ಗಡುಸಾದರೆ ಟಾರ್ಗೆಟ್ ಮೇಲೆ ಗುಂಡುಗಳ ಗುಂಪು ಚದುರುತ್ತದೆ. ಟಾರ್ಗೆಟ್ ಕಾಗದಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ನೆಂದ ಕಾಗದದಲ್ಲಿ ತೂತು ಸರಿಯಾಗಿ ಬೀಳುವುದಿಲ್ಲ, ಅಂಚು ಹರಿದು ಒಂಬತ್ತೋ ಹತ್ತೋ ಅನ್ನುವ ಜಗಳ ಶುರುವಾಗುತ್ತದೆ. ಮೈದಾ ಅಂಟೂ ಮಂಜಿಗೆ ಬಿಟ್ಟುಕೊಳ್ಳುತ್ತದೆ. ಕ್ಲಿಪ್ಪು, ಸ್ಟೇಪ್ಲರ್ ಒಯ್ಯಿರಿ.

ಏನು ಹಾಕಿಕೊಳ್ಳಬೇಕು, ಏನು ತಿನ್ನಬೇಕು

ಚಳಿ ಅಂತ ಶೂಟಿಂಗ್ ಜಾಕೆಟ್ ಒಳಗೆ ಎರಡು ಸ್ವೆಟರ್ ತುರುಕಬೇಡಿ. ಜಾಕೆಟ್ ಬಿಗಿಯಾಗಿ, ರೈಫಲ್‌ನ ಹಿಂಬದಿ ಭುಜಕ್ಕೆ ಕೂರುವ ಜಾಗವೇ ಬದಲಾಗುತ್ತದೆ. ತೆಳ್ಳನೆಯ, ಮೈಗಂಟುವ ಥರ್ಮಲ್ ಒಂದು ಸಾಕು. ಸ್ವೆಟರ್, ಶಾಲು ಎಲ್ಲ ಸರದಿ ಬರುವ ತನಕ ಮೇಲೆ ಹೊದ್ದುಕೊಳ್ಳಲಿಕ್ಕೆ. ಕಾಲಿಗೆ ಉಣ್ಣೆ ಕಾಲುಚೀಲ. ಪಾದ ತಣ್ಣಗಿದ್ದರೆ ನಿಂತು ಹೊಡೆಯುವವರ ಮೈ ತೂಗಾಡುವುದು ಜಾಸ್ತಿ.

ಮಂಕಿ ಟೋಪಿ ಹಾಕಿ ಅದರ ಮೇಲೆ ಕಿವಿ ಮುಚ್ಚುವ ಇಯರ್‌ಮಫ್ ಇಟ್ಟರೆ ಸಂದಿಯಲ್ಲಿ ಶಬ್ದ ನುಗ್ಗುತ್ತದೆ. ಮೊದಲು ಕಿವಿಯೊಳಗೆ ಇಯರ್‌ಪ್ಲಗ್, ಆಮೇಲೆ ಟೋಪಿ.

ಬಲಗೈ ಬೆರಳೇ ಎಲ್ಲಕ್ಕಿಂತ ಮುಖ್ಯ. ಅರ್ಧ ಬೆರಳಿನ ಉಣ್ಣೆ ಗವಸು ಹಾಕಿ, ಗುಂಡು ಹಾರಿಸುವ ಹೊತ್ತಿಗೆ ತೋರುಬೆರಳು ಬರಿದಾಗಿರಲಿ. ಬಿಸಿ ಮಾಡಲಿಕ್ಕೆ ಅಜ್ಜಿ ಕಟ್ಟಿಕೊಡುವ ಬಿಸಿ ಉಪ್ಪಿನ ಗಂಟು ಜೇಬಿಗೆ ಬೇಡ. ಉಪ್ಪಿನ ಪುಡಿ ಕೈಗಂಟಿ ಕೋವಿಗೆ ತಗುಲಿದರೆ ವಾರದಲ್ಲಿ ತುಕ್ಕು. ಹಳೆ ಕಾಲುಚೀಲದಲ್ಲಿ ಎರಡು ಹಿಡಿ ಅಕ್ಕಿ ಹಾಕಿ ಹೆಂಚಿನ ಮೇಲೆ ಬಿಸಿ ಮಾಡಿಕೊಂಡು ಹೋಗಿ, ಬಹಳ ಹೊತ್ತು ಬಿಸಿ ಹಿಡಿದಿಡುತ್ತದೆ.

ಇನ್ನು ಕಾಫಿ. ಕಾಫಿ ನಾಡಿನಲ್ಲಿ ನಿಂತು ಕಾಫಿ ಕುಡಿಯಬೇಡಿ ಅಂತ ಹೇಳುವುದು ಕಷ್ಟ. ಆದರೂ ಹೇಳಲೇಬೇಕು. ಗಟ್ಟಿ ಫಿಲ್ಟರ್ ಕಾಫಿ ಎದೆಬಡಿತ ಏರಿಸುತ್ತದೆ, 50 ಮೀಟರ್ ಆಚೆ ಅದು ಕಾಣುತ್ತದೆ. ದಿನಾ ಕುಡಿಯುವವರು ಅಂದು ಪೂರ್ತಿ ಬಿಟ್ಟರೆ ತಲೆನೋವು ಬರುತ್ತದೆ. ಹಾಗಾಗಿ ದಿನದ ಅರ್ಧ ಲೋಟ ಬೆಳಗ್ಗೆ ಎದ್ದಾಗಲೇ ಮುಗಿಸಿ. ರೇಂಜ್‌ಗೆ ಫ್ಲಾಸ್ಕಿನಲ್ಲಿ ರಾಗಿ ಗಂಜಿಯೋ ಶುಂಠಿ ಕಷಾಯವೋ ಒಯ್ಯಿರಿ. ಹೊಟ್ಟೆಗೆ ಎರಡು ಅಕ್ಕಿ ರೊಟ್ಟಿ, ಅದಕ್ಕಿಂತ ಜಾಸ್ತಿ ಬೇಡ. ಮಲಗಿ ಹೊಡೆಯುವವರಿಗೆ ತುಂಬಿದ ಹೊಟ್ಟೆ ಭಾರಿ ಹಿಂಸೆ.

ಎಷ್ಟು ಹೊತ್ತಿಗೆ ಹೋಗಬೇಕು

ನಮ್ಮ ಕಡೆಯ ಚಳಿಗಾಲದ ದಿನಕ್ಕೆ ಒಂದು ಸಣ್ಣ ಕಿಟಕಿ ಇರುತ್ತದೆ. ಸಾಮಾನ್ಯವಾಗಿ ಎಂಟೂವರೆ–ಒಂಬತ್ತರ ತನಕ ಮಂಜು. ಹತ್ತೂವರೆ–ಹನ್ನೊಂದರ ಮೇಲೆ ನೆಲ ಕಾದು ಗಾಳಿ. ನಡುವಿನ ಒಂದೂವರೆ ಗಂಟೆ ಚಿನ್ನದಂಥ ಹೊತ್ತು. ಬೆಟ್ಟದ ಬುಡದ ರೇಂಜ್‌ಗಳಲ್ಲಿ ಇದು ಇನ್ನೂ ಚಿಕ್ಕದು, ಹಾಸನದ ಬಯಲು ಸೀಮೆ ಕಡೆ ಸ್ವಲ್ಪ ಉದ್ದ.

ಏಳೂವರೆಗೇ ತಲುಪಿ, ಆದರೆ ಏಳೂವರೆಗೆ ಹೊಡೆಯಲು ಶುರು ಮಾಡಬೇಡಿ. ರೈಫಲ್ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಬೋಲ್ಟ್ ತೆರೆದು, ತೋಟಾ ಕೂರುವ ಚೇಂಬರ್‌ನಲ್ಲಿ ಖಾಲಿ ಎಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ, ಮಾಡಿನ ಕೆಳಗೆ ಇಡಿ. ಇಬ್ಬನಿ ಬೀಳುವ ಕಡೆ ಬೇಡ.

ಮಂಜಿನ ವಿಷಯದಲ್ಲಿ ನನ್ನ ನಿಯಮ ಒಂದೇ: ಟಾರ್ಗೆಟ್ ಕಂಡರೆ ಸಾಲದು, ಅದರ ಹಿಂದಿನ ದಿಬ್ಬದ ತುದಿ, ಎರಡೂ ಪಕ್ಕದ ಅಂಚು ಸ್ಪಷ್ಟವಾಗಿ ಕಾಣಬೇಕು. ಅಷ್ಟು ಕಾಣದಿದ್ದರೆ ತೋಟಾ ಡಬ್ಬಿ ತೆರೆಯುವ ಹಾಗಿಲ್ಲ. "ಟಾರ್ಗೆಟ್ ಮಸುಕಾಗಿ ಕಾಣ್ತಿದೆ ಸಾರ್, ಒಂದೆರಡು ನೋಡೋಣ್ವಾ" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ ಅನ್ನಿ. ನಡುವೆ ಮಂಜು ಮತ್ತೆ ಕವಿದರೆ, ರೇಂಜ್ ಆಫೀಸರ್ ಹೇಳುವ ತನಕ ಕಾಯದೆ ನೀವೇ "ಸ್ಟಾಪ್" ಅಂತ ಕೂಗಬಹುದು. ಆ ಅಧಿಕಾರ ಸಾಲಿನಲ್ಲಿರುವ ಪ್ರತಿಯೊಬ್ಬರಿಗೂ ಇದೆ. ಕ್ಲೇ ತಟ್ಟೆ ಹಾರಿಸಿ ಹೊಡೆಯುವ ಟ್ರ್ಯಾಪ್‌ನವರಂತೂ ಮಂಜಿನಲ್ಲಿ ಮನೆಯಲ್ಲೇ ಇರುವುದು ಒಳ್ಳೆಯದು.

ನೆಲ, ಚಾಪೆ, ಉಣುಗು

ಕಾಫಿ ಒಣಗಿಸುವ ಟಾರ್ಪಲ್ ಇದ್ದೇ ಇರುತ್ತದಲ್ಲ, ಅದನ್ನು ಮಡಚಿ ಕೆಳಗೆ ಹಾಸಿ. ಅದರ ಮೇಲೆ ಶೂಟಿಂಗ್ ಮ್ಯಾಟ್. ಮ್ಯಾಟ್ ಇಲ್ಲದಿದ್ದರೆ ಒರಟು ಕಂಬಳಿ, ಮೊಣಕೈ ಜಾರುವುದಿಲ್ಲ. ಬರೀ ಟಾರ್ಪಲ್ ಮೇಲೆ ಮಲಗಿದರೆ ಒದ್ದೆಗೆ ಮೊಣಕೈ ಜಾರಿ ಪ್ರತಿ ಗುಂಡಿಗೂ ಜಾಗ ಬದಲಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಉಣುಗು, ನಮ್ಮ ಕಡೆ ಉಣ್ಣೆ ಅಂತಲೂ ಅನ್ನುತ್ತಾರೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಈಗ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಕಾಣಿಸಿಕೊಳ್ಳುತ್ತಿದೆ. ಅದು ಹರಡುವುದು ಉಣುಗಿನಿಂದ, ಹರಡುವ ಕಾಲ ಸರಿಸುಮಾರು ಡಿಸೆಂಬರ್‌ನಿಂದ ಮೇ. ಗಂಟೆಗಟ್ಟಲೆ ನೆಲಕ್ಕೆ ಎದೆಯಾನಿಸಿ ಮಲಗುವವರು ನಾವು. ಕಾಡಂಚಿನ ರೇಂಜ್ ಆದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಮ್ಯಾಟ್ ಅನ್ನು ಹುಲ್ಲಿನ ಮೇಲೆ ಎಸೆದಿಡಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಹತ್ತಿರದಲ್ಲೆಲ್ಲಾದರೂ ಕಂಡರೆ ಆ ರೇಂಜ್‌ಗೆ ಸದ್ಯಕ್ಕೆ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಿ ಬಂದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ರೇಂಜ್‌ನಲ್ಲಿ ಮಲಗಿದ್ದ ವಿಷಯ ಹೇಳಿ.

ಬೆರಳಿನ ಪರೀಕ್ಷೆ

ಪ್ರತಿ ಹತ್ತು ಗುಂಡಿಗೊಮ್ಮೆ ಬಲಗೈ ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳ ತುದಿಗೆ ಮುಟ್ಟಿಸಿ. ಸಲೀಸಾಗಿ ಮುಟ್ಟಿದರೆ ಸರಿ. ತಡವರಿಸಿದರೆ ರೈಫಲ್ ಖಾಲಿ ಮಾಡಿ, ಕೆಳಗಿಟ್ಟು, ಕೈ ಬಿಸಿ ಮಾಡಿಕೊಳ್ಳಿ. ತೋಳನ್ನು ದೊಡ್ಡದಾಗಿ ಸುತ್ತ ತಿರುಗಿಸಿದರೆ ರಕ್ತ ಬೆರಳಿಗೆ ಇಳಿಯುತ್ತದೆ. ಇದು ಬರೀ ಅಂಕದ ಪ್ರಶ್ನೆಯಲ್ಲ. ಮ್ಯಾಚ್ ರೈಫಲ್‌ನ ಟ್ರಿಗರ್ ಬಹಳ ಹಗುರ. ಮರಗಟ್ಟಿದ ಬೆರಳಿಗೆ ಅದನ್ನು ಮುಟ್ಟಿದ್ದೇ ಗೊತ್ತಾಗುವುದಿಲ್ಲ, ಗುರಿ ಹಿಡಿಯುವ ಮೊದಲೇ ಗುಂಡು ಹೋಗಿರುತ್ತದೆ.

ಹೊಡೆಯುವಾಗ

ಮೊದಲ ಐದಾರು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಣ್ಣನೆ, ಒಣ ಬ್ಯಾರೆಲ್ ತನ್ನ ಹದಕ್ಕೆ ಬರಲಿ. ಆಮೇಲೆ ಐದು ಗುಂಡಿನ ಗುಂಪು ಹೊಡೆದು, ಗುಂಪಿನ ನಡುವನ್ನು ನೋಡಿ ಸೈಟ್ ತಿರುಗಿಸಿ. ಒಂದೊಂದು ಗುಂಡಿನ ಹಿಂದೆ ಕ್ಲಿಕ್ (ಸೈಟ್ ತಿರುಪಿನ ಒಂದೊಂದು ಹೆಜ್ಜೆ) ಓಡಿಸಬೇಡಿ. ಚಳಿಯಲ್ಲಿ ಗುಂಡಿನ ವೇಗ ತುಸು ತಗ್ಗುವುದರಿಂದ ಗುಂಪು ಸ್ವಲ್ಪ ಕೆಳಗೆ ಕೂರುವುದು ಸಹಜ. ನಿಮ್ಮ ಸೈಟ್‌ನ ಒಂದು ಕ್ಲಿಕ್ ಎಷ್ಟು ಸರಿಸುತ್ತದೆ ಅಂತ ಗೊತ್ತಿಲ್ಲದಿದ್ದರೆ ಹೀಗೆ ಅಳೆಯಿರಿ: ಐದು ಗುಂಡು ಹೊಡೆಯಿರಿ, ಹತ್ತು ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆಯಿರಿ. ಎರಡು ಗುಂಪಿನ ನಡುವಿನ ಅಂತರವನ್ನು ಹತ್ತರಿಂದ ಭಾಗಿಸಿ.

ಉಸಿರು ಇನ್ನೊಂದು ತಲೆನೋವು. ಬಾಯಿಂದ ಬಿಟ್ಟ ಉಸಿರು ನೇರ ಹಿಂದಿನ ಸೈಟ್‌ಗೆ, ಕನ್ನಡಕಕ್ಕೆ ಹೋಗಿ ಆವಿ ಕಟ್ಟುತ್ತದೆ. ಕೆನ್ನೆ ಕೋವಿಗೆ ಆನಿಸುವ ಮೊದಲೇ ದೊಡ್ಡ ಉಸಿರೆಲ್ಲ ಮುಗಿಸಿ. ಆನಿಸಿದ ಮೇಲೆ ಮೂಗಿನಿಂದ ಮೆಲ್ಲಗೆ ಬಿಡಿ, ಉಸಿರು ತಾನೇ ನಿಲ್ಲುವ ಜಾಗದಲ್ಲಿ ಆರೆಂಟು ಸೆಕೆಂಡಿನೊಳಗೆ ಗುಂಡು ಹೋಗಲಿ. ಆಗಲಿಲ್ಲವೆಂದರೆ ಕೆನ್ನೆ ಎತ್ತಿ ಮೊದಲಿಂದ ಶುರು ಮಾಡಿ. ಕನ್ನಡಕಕ್ಕೆ ಒಣ ಸೋಪನ್ನು ತೆಳ್ಳಗೆ ಉಜ್ಜಿ ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿದರೆ ಆವಿ ಕಟ್ಟುವುದು ಕಡಿಮೆ. ದುಬಾರಿ ಕೋಟಿಂಗ್ ಇರುವ ಲೆನ್ಸಿಗೆ ಮಾತ್ರ ಸೋಪು ಬೇಡ, ಅದಕ್ಕೆಂದೇ ಸಿಗುವ ದ್ರವ ತನ್ನಿ.

ಗಾಳಿಯ ಲೆಕ್ಕ ಸ್ವಲ್ಪ ತಾಳ್ಮೆಯಿಂದ ಓದಿ. ಗಂಟೆಗೆ 15 ಕಿ.ಮೀ. ಅಡ್ಡಗಾಳಿ ಸಾಧಾರಣ ವೇಗದ .22 ಗುಂಡನ್ನು 50 ಮೀಟರ್‌ನಲ್ಲಿ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ತಳ್ಳುತ್ತದೆ. 50 ಮೀಟರ್ ರೈಫಲ್ ಟಾರ್ಗೆಟ್‌ನ ಹತ್ತರ ವೃತ್ತದ ಅಗಲ ಬರೀ 10.4 ಮಿ.ಮೀ., ಒಂದೊಂದು ಉಂಗುರ 8 ಮಿ.ಮೀ. ಅಂದರೆ ಹತ್ತಕ್ಕೆ ಹಿಡಿದ ಗುಂಡು ಗಾಳಿಗೆ ಏಳರ ಆಸುಪಾಸು ಹೋಗಿ ಬೀಳುತ್ತದೆ. ಮೂಡಲ ಗಾಳಿ ಒಂದೇ ಸಮ ಬೀಸುವುದೂ ಇಲ್ಲ, ಬಂದು ಬಂದು ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಬಲಕ್ಕೆ ಸುತ್ತುವ ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ ಗೀರು) ಇರುವ ಬ್ಯಾರೆಲ್‌ನಲ್ಲಿ, ಬಲಗಡೆಯಿಂದ ಗಾಳಿ ಬಂದರೆ ಗುಂಡು ಎಡಕ್ಕೆ ಹೋಗುವುದರ ಜೊತೆ ಸ್ವಲ್ಪ ಮೇಲಕ್ಕೂ ಏರುತ್ತದೆ, ಗಡಿಯಾರದ ಹತ್ತರ ಕಡೆಗೆ. ಎಡಗಾಳಿಗೆ ಬಲಕ್ಕೆ ಹೋಗಿ ಸ್ವಲ್ಪ ಇಳಿಯುತ್ತದೆ, ನಾಲ್ಕರ ಕಡೆಗೆ. ಇದು ಗೊತ್ತಿಲ್ಲದವರು ಪಕ್ಕಕ್ಕೆ ಹೋದದ್ದನ್ನು ಗಾಳಿಯ ತಲೆಗೂ ಕೆಳಗೆ ಹೋದದ್ದನ್ನು ತಮ್ಮ ತಲೆಗೂ ಕಟ್ಟಿಕೊಂಡು ಕೊರಗುತ್ತಾರೆ.

ರೇಂಜ್‌ನಲ್ಲಿ ಗಾಳಿ ಬಾವುಟಗಳು 10 ಮತ್ತು 30 ಮೀಟರ್‌ನಲ್ಲಿರುತ್ತವೆ. ಬೆಳಗಿನ ಹೊತ್ತು ಅವನ್ನು ಕಣ್ಣು ಮುಚ್ಚಿ ನಂಬಬೇಡಿ. ಇಬ್ಬನಿ ಕುಡಿದ ಹತ್ತಿ ಬಟ್ಟೆ ಭಾರವಾಗಿ ಜೋತು ಬಿದ್ದಿರುತ್ತದೆ. ಗಾಳಿ ಕೆನ್ನೆಗೆ ತಾಗುತ್ತಿದ್ದರೂ ಅದು ಅಲ್ಲಾಡುವುದಿಲ್ಲ. ಫೈರಿಂಗ್ ಶುರುವಾಗುವ ಮುಂಚೆ, ಅನುಮತಿ ಕೇಳಿ, ಹಿಂಡಿ ಬನ್ನಿ ಅಥವಾ ಒಣ ಪಟ್ಟಿ ಕಟ್ಟಿ ಬನ್ನಿ. ಪಕ್ಕದ ಸಿಲ್ವರ್ ಓಕ್ ಮರದ ತುದಿ ನೋಡಿ ಗಾಳಿ ಅಳೆಯುವುದೂ ತಪ್ಪು. ಮರದ ತುದಿಯ ಗಾಳಿ ಬೇರೆ, ನೆಲಮಟ್ಟದ ಗಾಳಿ ಬೇರೆ.

ಗಾಳಿಗೆ ಎರಡು ದಾರಿ. ಕ್ಲಿಕ್ ತಿರುಗಿಸುತ್ತಾ ಬೆನ್ನಟ್ಟುವುದು ಒಂದು. ಪದೇ ಪದೇ ಮರಳಿ ಬರುವ ಒಂದು ಸ್ಥಿತಿಯನ್ನು ಆರಿಸಿಕೊಂಡು, ಅದು ಬಂದಾಗಷ್ಟೇ ಹೊಡೆಯುವುದು ಇನ್ನೊಂದು. ಕಲಿಯುವವರಿಗೆ ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಬಾವುಟ ಅರ್ಧ ಎದ್ದು ಎಡಕ್ಕೆ ವಾಲಿದಾಗ ಸೈಟ್ ಕೂರಿಸಿಕೊಂಡಿದ್ದರೆ, ಅದು ಮತ್ತೆ ಹಾಗೇ ಆಗುವ ತನಕ ಬೆರಳು ಟ್ರಿಗರ್‌ನಿಂದ ಹೊರಗೆ.

ತೋಟಾ ಟುಸ್ ಅಂದರೆ ಗಾಬರಿಯಾಗಿ ಬೋಲ್ಟ್ ಎಳೆಯಬೇಡಿ. ನಳಿಗೆ ದಿಬ್ಬದ ಕಡೆಗೇ ಇರಲಿ, ಕೈ ಎತ್ತಿ ರೇಂಜ್ ಆಫೀಸರ್‌ಗೆ ಹೇಳಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಸಿಡಿಯುವುದುಂಟು. ಶಬ್ದ ಮೆತ್ತಗೆ ಬಂದಿದ್ದರೆ ಬ್ಯಾರೆಲ್‌ನಲ್ಲಿ ಗುಂಡು ಸಿಕ್ಕಿಕೊಂಡಿರಬಹುದು. ನೋಡದೆ ಮುಂದಿನದನ್ನು ಹಾಕಬೇಡಿ.

ಏರ್‌ಗನ್‌ನವರಿಗೆ ಎರಡು ಮಾತು

ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಪಿಸ್ತೂಲು ಚಳಿಗೆ ಬೇಗ ಸೋಲುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರುವ ಒತ್ತಡ 10 ಡಿಗ್ರಿಗೆ 45ಕ್ಕೆ ಇಳಿಯುತ್ತದೆ. ಬೇಗ ಬೇಗ ಹೊಡೆದರೆ ಇನ್ನೂ ತಣ್ಣಗಾಗುತ್ತದೆ. ಹಾಗಂತ ಸಿಲಿಂಡರನ್ನು ಬೆಂಕಿ ಹತ್ತಿರ, ಕಾರಿನ ಹೀಟರ್ ಮುಂದೆ ಹಿಡಿಯಬೇಡಿ. ಗಾಳಿ ತುಂಬುವ ರೈಫಲ್‌ನಲ್ಲಿ ಮನೆಯಲ್ಲಿ 25 ಡಿಗ್ರಿಗೆ 200 ಬಾರ್ ಇದ್ದದ್ದು ರೇಂಜ್‌ನಲ್ಲಿ 190ರ ಹತ್ತಿರ ತೋರಿಸಿದರೆ ಅದು ಲೀಕ್ ಅಲ್ಲ. ಚಳಿಯಲ್ಲಿ ಮಿತಿಯವರೆಗೆ ಮತ್ತೆ ತುಂಬಿಸಿ ಬಿಸಿಲಿಗಿಟ್ಟರೆ ಒತ್ತಡ ಮಿತಿ ದಾಟುತ್ತದೆ, ಎಚ್ಚರ.

ಮನೆಗೆ ಬಂದ ಮೇಲೆ

ರೇಂಜ್‌ನಿಂದ ಹೊರಡುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ನೀರು ಎಷ್ಟೇ ಕೊರೆಯುತ್ತಿರಲಿ. ಸೀಸದ ಪುಡಿ ಅಂಟಿದ ಕೈಯಲ್ಲಿ ರೊಟ್ಟಿ ಮುರಿಯಬಾರದು.

ತಣ್ಣನೆಯ ಕೋವಿಯನ್ನು ಸೌದೆ ಒಲೆ ಉರಿಯುವ ಬೆಚ್ಚನೆ ಮನೆಗೆ ತಂದು ಕೂಡಲೇ ಕೇಸು ತೆರೆದರೆ ಲೋಹದ ಮೇಲೆ ಹನಿ ಕಟ್ಟುತ್ತದೆ. ಕೇಸು ಮುಚ್ಚಿಯೇ ಒಂದು ಗಂಟೆ ಬೀಗ ಹಾಕಿದ ಕೋಣೆಯಲ್ಲಿಡಿ. ಆಮೇಲೆ ತೆರೆದು, ಒಣ ಬಟ್ಟೆಯಿಂದ ಒರೆಸಿ, ಬ್ಯಾರೆಲ್‌ಗೆ ಪ್ಯಾಚ್ ಎಳೆದು, ತೆಳು ಎಣ್ಣೆ ಸವರಿ. ಕೇಸಿನ ಸ್ಪಂಜು ಒದ್ದೆಯಾಗಿದ್ದರೆ ಬಿಸಿಲಿಗೆ ಹಾಕಿ. ಒದ್ದೆ ಸ್ಪಂಜಿನೊಳಗೆ ಮಲಗಿಸಿದ ರೈಫಲ್ ಎಷ್ಟು ಒರೆಸಿದರೂ ತುಕ್ಕು ಹಿಡಿಯುತ್ತದೆ.

ಅದೇ ದಿನ ಪುಸ್ತಕದಲ್ಲಿ ಬರೆದಿಡಿ: ಹೊತ್ತು, ಡಿಗ್ರಿ, ಮಂಜು ಎಷ್ಟಕ್ಕೆ ಸರಿಯಿತು, ಗಾಳಿ ಎಷ್ಟಕ್ಕೆ ಎದ್ದಿತು, ಸೈಟ್ ಎಷ್ಟು ಕ್ಲಿಕ್ ಸರಿಸಿದಿರಿ, ಯಾವ ತೋಟಾ. ಮಾವಳಂಕರ್ ಸ್ಪರ್ಧೆ ದಾಟಿ ನ್ಯಾಷನಲ್ಸ್‌ಗೆ ಅಂತ ಚಳಿಗಾಲದಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜ್‌ಗೆ ಹೋಗಬೇಕಾಗಿ ಬಂದರೆ ಈ ಪುಸ್ತಕ ಬ್ಯಾಗಿನಲ್ಲಿರಲಿ. ಅಲ್ಲಿಯ ಚಳಿ ನಮ್ಮದಕ್ಕಿಂತ ಜೋರು, ಮಂಜು ಸರಿಯಲು ಇನ್ನೂ ತಡ. ಇಲ್ಲಿ 12 ಡಿಗ್ರಿಗೆ ನಿಮ್ಮ ರೈಫಲ್ ಎಷ್ಟು ಕೆಳಗೆ ಹೊಡೆಯಿತು ಅನ್ನುವುದು ಗೊತ್ತಿದ್ದರೆ, ಅಲ್ಲಿ ಸೈಟಿಂಗ್‌ಗೆ (ಸೈಟ್ ಹೊಂದಿಸಿಕೊಳ್ಳಲು) ಕೊಡುವ 15 ನಿಮಿಷದಲ್ಲಿ ಮೊದಲ ಗುಂಪಿಗೇ ಸರಿಯಾದ ಕಡೆ ಕ್ಲಿಕ್ ತಿರುಗಿಸಬಹುದು.